ಬರಿಗೈ ಮುಟ್ಟಿದ ಧೂಳು

ಸಾಗಾಮಿಹಾರಾ,
ಮಂಗಳವಾರ

ಒರಿಯೆ ಅಮ್ಮನವರಿಗೆ, ನಿಮ್ಮ ಯಜಮಾನರ ಶಿಷ್ಯೆ ಚಿಗುಸಾಳ ನಮಸ್ಕಾರಗಳು.

ಮೇಷ್ಟ್ರ ಅಸ್ಥಿಪಾತ್ರೆಯಲ್ಲಿಡಲು, ನಮ್ಮ ಪ್ರಯೋಗಾಲಯಕ್ಕೆ ನೌಕೆ ಕ್ಷುದ್ರಗ್ರಹದಿಂದ ತಂದ ಮಣ್ಣಿನ ಒಂದೇ ಒಂದು ಕಣ ಕೇಳಿದ್ದಿರಿ. ಕೊಡಲಾರೆ ಅಮ್ಮ. ಒಂದೊಂದು ಕಣಕ್ಕೂ ಲೆಕ್ಕವಿದೆ. ಅವರಿದ್ದಿದ್ದರೆ "ನನ್ನ ಹೆಸರಲ್ಲಿ ಕಳ್ಳತನ ಮಾಡ್ತೀಯೇನೇ?" ಎಂದು ಅವರೇ ಬೈಯುತ್ತಿದ್ದರು.

ಚಿತಾಗಾರದಲ್ಲಿ ನೀವೂ ನಾನೂ ಪದ್ಧತಿಯಂತೆ ಅವರ ಮೂಳೆಯೊಂದನ್ನು ಕಡ್ಡಿಗಳಿಂದ ಜೊತೆಯಾಗಿ ಎತ್ತಿದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಅಭ್ಯಾಸಕ್ಕೆಂದು ತೆರೆದ ಮೇಜಿನ ಮೇಲೆ ನಾನು ಕಣ ಎತ್ತುವಾಗಲೆಲ್ಲ ಅವರು ಗದರುತ್ತಿದ್ದದ್ದು ನೆನಪಾಯಿತು: "ಉಸಿರು ಬಿಗಿಹಿಡಿಯೇ ಪೆದ್ದಿ, ಹಾರಿಹೋಗುತ್ತೆ!"

ಕ್ಷುದ್ರಗ್ರಹದ ಕಣಗಳನ್ನು ಅವರು ಬರಿಗೈಯಲ್ಲಿ ಒಮ್ಮೆಯೂ ಮುಟ್ಟಿದವರಲ್ಲ. ಮುಚ್ಚಿದ ಪೆಟ್ಟಿಗೆಯೊಳಕ್ಕೆ ಕೈಗವಸು ತೊಟ್ಟ ಕೈ ಚಾಚಿ, ಸೂಜಿಯ ತುದಿಯಿಂದಷ್ಟೇ ಎತ್ತುತ್ತಿದ್ದರು.

ಇದರೊಂದಿಗೆ ಒಂದು ಸಣ್ಣ ಶೀಶೆ ಕಳಿಸಿದ್ದೇನೆ. ನಮ್ಮ ಅಭ್ಯಾಸಕ್ಕೆಂದು ನೀವು ಎಳ್ಳು ಕುಟ್ಟುವ ಒರಳಲ್ಲಿ ಹೊಳೆಯ ಕಲ್ಲು ಕುಟ್ಟಿ ಕೊಡುತ್ತಿದ್ದಿರಲ್ಲ, ಅದೇ ಪುಡಿ. "ನಮ್ಮಾಕೆ ಮಾಡಿದ ಗ್ರಹ ಕಣ್ರೋ, ಉಪ್ಪೊಂದು ಕಮ್ಮಿ" ಎನ್ನುತ್ತಾ ಅವರು ಅದನ್ನು ಬರಿಬೆರಳಲ್ಲಿ ಉಜ್ಜಿ ನೋಡುತ್ತಿದ್ದರು.

ಅವರ ಜೊತೆ ಇದನ್ನೇ ಇಡಿ. ಮುಚ್ಚಳ ತೆಗೆಯುವಾಗ ಅಳಬೇಡಿ ಅಮ್ಮ, ಒಂದು ಗಳಿಗೆ ಉಸಿರು ಬಿಗಿಹಿಡಿಯಿರಿ. ಹಾರಿಹೋದೀತು.

ನಿಮ್ಮ
ಚಿಗುಸಾ