ಒಳಗೆ ಬಿಟ್ಟ ಎರಡಿಂಚು ಬಟ್ಟೆ

ಜುಲೈ 1, ಮಂಗಳವಾರ. ಬೆಳಿಗ್ಗೆ 6.10

89.2. ನಿನ್ನೆಗಿಂತ ಮುನ್ನೂರು ಗ್ರಾಂ ಜಾಸ್ತಿ. ರಾತ್ರಿ ತಿಂದಿದ್ದು ಎರಡೇ ಚಪಾತಿ. ಗಾಳಿ ಕುಡಿದರೂ ಮೈಗೆ ಹತ್ತುತ್ತದೋ ಏನೋ ನನ್ನ ಹಣೆಬರಹಕ್ಕೆ.

ಸಿಗರೇಟ್ ಬಿಟ್ಟು ಒಂಬತ್ತನೇ ದಿನ. ಬೆರಳುಗಳಿಗೆ ಏನಾದರೂ ಬೇಕು. ಅಂಗಡಿಯಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್ ಹಿಡಿದುಕೊಂಡೇ ಕೂರುತ್ತೇನೆ. ನಿನ್ನೆ ಮರೆತು ಬಾಯಿಗೇ ಇಟ್ಟುಕೊಂಡೆ. ಅಳತೆ ಕೊಡಲು ಬಂದವನು ನಕ್ಕ. ಅವನ ಪ್ಯಾಂಟು ಒಂದು ವಾರ ತಡವಾಗಲಿದೆ.

ಡಾಕ್ಟರ್ ಹೇಳಿದ್ದು ಎರಡೇ ಮಾತು. ತೂಕ 82ಕ್ಕೆ ಇಳಿಯಬೇಕು. ಎಂಟು ವಾರ ಒಂದೂ ಸೇದಿರಬಾರದು. ಎರಡೂ ಆದರೆ ನನ್ನದೊಂದು ಕಿಡ್ನಿ ಚೈತ್ರಳಿಗೆ. ಒಬ್ಬಳೇ ತಂಗಿ. ನಲವತ್ತೊಂದು ವಯಸ್ಸು, ವಾರಕ್ಕೆ ಮೂರು ದಿನ ಡಯಾಲಿಸಿಸ್. ಅವಳ ಗಂಡ ಮಂಜುನಾಥನ ಬ್ಲಡ್ ಗ್ರೂಪ್ ಬೇರೆ. ಅಮ್ಮನಿಗೆ ಶುಗರ್. ಉಳಿದವನು ನಾನು. ಮ್ಯಾಚ್ ಆಯಿತು ಅಂದ ದಿನ ಮನೆಯವರೆಲ್ಲ ಅತ್ತರು. ನಾನೂ ಅತ್ತೆ. ಖುಷಿಗೆ ಅಂದುಕೊಂಡರು.

ಇದು ಹಳೇ ಅಳತೆ ಪುಸ್ತಕ. ಮುಂದಿನ ಪುಟಗಳಲ್ಲಿ ಅರ್ಧ ವಿಜಯನಗರದ ಗಂಡಸರ ಸೊಂಟ ಇದೆ. ಹಿಂದಿನಿಂದ ನಾನು ಬರೆಯುತ್ತಿದ್ದೇನೆ. ಯಾರೂ ತೆಗೆದು ನೋಡುವುದಿಲ್ಲ.

ಜುಲೈ 5, ಶನಿವಾರ

89.6.

ಸಿಗರೇಟ್ ಬಿಟ್ಟರೆ ಹಸಿವು. ಹಸಿವು ತಡೆದರೆ ಸಿಗರೇಟಿನ ನೆನಪು. ಒಂದನ್ನು ಒತ್ತಿದರೆ ಇನ್ನೊಂದು ಎದ್ದು ಕೂರುತ್ತದೆ. ಇಷ್ಟು ವರ್ಷ ಹನ್ನೊಂದು ಗಂಟೆಯ ಟೀ ಜೊತೆ ಒಂದು ಸೇದಿದರೆ ಮಧ್ಯಾಹ್ನದವರೆಗೆ ಹೊಟ್ಟೆಯ ಸುದ್ದಿಯೇ ಇರುತ್ತಿರಲಿಲ್ಲ. ಈಗ ಹನ್ನೊಂದಕ್ಕೆ ಪಕ್ಕದ ಬೇಕರಿಯಿಂದ ಬನ್ನಿನ ವಾಸನೆ. ಸೌತೆಕಾಯಿ ಕಚ್ಚುತ್ತಾ ಕಾಲರ್ ಹೊಲಿದೆ. ಡೊಂಕಾಯಿತು. ಬಿಚ್ಚಿದೆ. ಮತ್ತೆ ಡೊಂಕು.

ಜುಲೈ 9, ಬುಧವಾರ. ಮಧ್ಯಾಹ್ನ 2.30

ಆಸ್ಪತ್ರೆಯಲ್ಲಿ ಇವತ್ತು ಒಬ್ಬನನ್ನೇ ಕೂರಿಸಿ ಮಾತಾಡಿದರು. ಹೆಂಡತಿ ರಾಗಿಣಿಯನ್ನೂ ಹೊರಗೆ ಕಳಿಸಿದರು. ಇಷ್ಟಪಟ್ಟು ಕೊಡ್ತಿದೀರಾ, ಯಾರಾದರೂ ಬಲವಂತ ಮಾಡಿದಾರಾ ಅಂತ ಕೇಳಿದರು. ಆಮೇಲೆ ಆ ಡಾಕ್ಟರಮ್ಮ ಮೆತ್ತಗೆ ಹೇಳಿದರು: "ನಿಮಗೆ ಬೇಡ ಅನ್ಸಿದ್ರೆ ನಮಗೊಂದು ಮಾತು ಹೇಳಿ ಸಾಕು. ಇವರಿಂದ ತಗೊಳಕ್ಕಾಗಲ್ಲ ಅಂತ ಮಾತ್ರ ಮನೆಯವರಿಗೆ ಹೇಳ್ತೀವಿ. ಕಾರಣ ಹೇಳಲ್ಲ."

ಇಷ್ಟ ಇದೆ ಮೇಡಂ ಎಂದೆ. ಅಂಗಿಯ ಬೆನ್ನು ಪೂರ್ತಿ ಒದ್ದೆ.

ಭಯ. ಇಲ್ಲಾದರೂ ಬರೆಯೋಣ. ಭಯ, ಭಯ, ಭಯ. ಆಗ ನನಗೆ ಇಪ್ಪತ್ತೊಂದು ವರ್ಷ. ಅಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು. ಸಣ್ಣ ಆಪರೇಷನ್ ಅಂದರು. ಥಿಯೇಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಡೆದುಕೊಂಡೇ ಒಳಗೆ ಹೋದರು. ಹೋಗುವಾಗ ತಿರುಗಿ, "ಚಪ್ಪಲಿ ನೋಡ್ಕೋ ಗಿರಿ, ಹೊಸದು" ಎಂದರು. ಸಂಜೆ ನಾನು ಮನೆಗೆ ತಂದಿದ್ದು ಆ ಚಪ್ಪಲಿಗಳನ್ನು ಮಾತ್ರ.

ಇದನ್ನು ಯಾರ ಹತ್ತಿರ ಹೇಳುವುದು? ವಾರಕ್ಕೆ ಮೂರು ಸಲ ಸೂಜಿ ಚುಚ್ಚಿಸಿಕೊಳ್ಳುವ ತಂಗಿ ಹತ್ತಿರವಾ?

ಜುಲೈ 17, ಗುರುವಾರ

ಸೇದಿದೆ.

ಒಂದಲ್ಲ, ಎರಡು. ಬೇಕರಿ ಹಿಂದಿನ ಗಲ್ಲಿಯಲ್ಲಿ ನಿಂತು, ಸ್ಕೂಲ್ ಹುಡುಗನ ಹಾಗೆ ಗೋಡೆ ಕಡೆ ಮುಖ ಮಾಡಿಕೊಂಡು. ಜೊತೆಗೆ ಬೆಣ್ಣೆ ಹಚ್ಚಿದ ಬನ್ನು. ಆಮೇಲೆ ಇನ್ನೊಂದು ಬನ್ನು.

ತಪ್ಪು ಮಾಡಿದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಯಾಕೆ ಅಂತ ಅಂಗಡಿಗೆ ಬಂದು ಕೂತ ಮೇಲೆ ಹೊಳೆಯಿತು. ತೂಕ ಇಳಿಯದಿದ್ದರೆ ಆಪರೇಷನ್ ಇಲ್ಲ. ನಾನು ಬೇಡ ಎನ್ನಬೇಕಾಗಿಲ್ಲ. ತಕ್ಕಡಿಯೇ ಬೇಡ ಎನ್ನುತ್ತದೆ. ಪಾಪ ಗಿರಿರಾಜ್, ಎಷ್ಟು ಕಷ್ಟಪಟ್ಟ, ಆಗಲಿಲ್ಲ ಅಂತಾರೆ ಜನ.

ಥೂ, ಎಂಥಾ ಮನುಷ್ಯ ನಾನು.

ಆಗಸ್ಟ್ 3, ಭಾನುವಾರ

90.8. ಮನೆಯ ತಕ್ಕಡಿ ಸರಿಯಿಲ್ಲ, ಸ್ಪ್ರಿಂಗ್ ಹೋಗಿದೆ ಅಂತ ಅಟ್ಟಕ್ಕೆ ಹಾಕಿದೆ. ಅಂಗಡಿಯಲ್ಲಿ ಟೇಪಿನಿಂದ ನೋಡಿಕೊಳ್ತೀನಿ ಎಂದೆ ರಾಗಿಣಿಗೆ. ಟೈಲರ್ ಅಲ್ಲವಾ, ನಂಬಿದಳು. ಅವಳೆದುರಿಗೇ ಒಮ್ಮೆ ಸೊಂಟ ಅಳೆದು ತೋರಿಸಿದೆ. ಉಸಿರು ಬಿಗಿಹಿಡಿದು, ಟೇಪಿನ ತುದಿಯನ್ನು ಹೆಬ್ಬೆರಳಲ್ಲಿ ಎರಡಿಂಚು ಮುಂದಕ್ಕೆ ಒತ್ತಿ. ಇಪ್ಪತ್ತೇಳು ವರ್ಷದ ಕಸುಬು ಇದಕ್ಕೆ ಉಪಯೋಗವಾಯಿತು.

ಹಬ್ಬಕ್ಕೆ ಹಾಕುವ ಬೂದು ಪ್ಯಾಂಟು ಹತ್ತಲಿಲ್ಲ. ಪ್ರತಿ ಪ್ಯಾಂಟಿಗೂ ಹಿಂದುಗಡೆ ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲಿಯುತ್ತೇನೆ, ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ. ಇವತ್ತು ನನ್ನದೇ ಪ್ಯಾಂಟಿನ ಹೊಲಿಗೆ ಬಿಚ್ಚಿ ಪೂರ್ತಿ ಸಡಿಲ ಮಾಡಿದೆ. ಹಾಕಿಕೊಂಡು ಹೊರಗೆ ಬಂದು, ನೋಡು ಎಷ್ಟು ಲೂಸ್ ಆಗಿದೆ ಎಂದೆ. ಅಮ್ಮ ದೃಷ್ಟಿ ತೆಗೆದರು.

ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ

ಚೈತ್ರ ಡಯಾಲಿಸಿಸ್ ಮುಗಿಸಿಕೊಂಡು ಸೀದಾ ಕುಂಕುಮಕ್ಕೆ ಬಂದಳು. ಸೂಜಿ ಚುಚ್ಚುತ್ತಿದ್ದ ಕೈಯ ನರ ಕಟ್ಟಿಕೊಂಡಿದೆಯಂತೆ. ಈಗ ಕುತ್ತಿಗೆಗೆ ಟ್ಯೂಬ್ ಹಾಕಿದ್ದಾರೆ. ಸೆರಗು ಹೊದ್ದು ಮುಚ್ಚಿಕೊಂಡಿದ್ದಳು. ದೇವರ ಮುಂದೆ ಕೂತಾಗ ಸೆರಗು ಜಾರಿತು. ಅಮ್ಮ ನೋಡಿ ಒಳಗೆ ಎದ್ದು ಹೋದರು.

ನಾನು ನೆಲದ ಮೇಲಿದ್ದ ತಟ್ಟೆ ಎತ್ತಲು ಬಗ್ಗಿದೆ. ಎದ್ದು ತಿರುಗಿದರೆ ಚೈತ್ರ ನನ್ನನ್ನೇ ನೋಡುತ್ತಿದ್ದಳು. ಪ್ಯಾಂಟ್ ಹೊಸದಾ ಅಣ್ಣ ಎಂದು ಕೇಳಿದಳು. ಇಲ್ಲ ಕಣೇ, ಹಳೇದು, ಈಗ ಲೂಸ್ ಆಗಿದೆ ಎಂದೆ. ಹೂಂ ಎಂದಳು. ಅಷ್ಟೇ. ಹೊರಡುವಾಗ ಮಾತ್ರ ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಅವಳ ಬೆರಳು ತಣ್ಣಗಿದ್ದವು.

ಆಗಸ್ಟ್ 13, ಬುಧವಾರ

ಮಂಜುನಾಥ ಆಫೀಸಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದು ಒಂದು ಡಬ್ಬಿ ಕೊಟ್ಟುಹೋದ. ಚೈತ್ರ ಮಾಡಿದ್ದಂತೆ. ಆರು ಒಬ್ಬಟ್ಟು, ಪಕ್ಕದ ಬಟ್ಟಲಲ್ಲಿ ತುಪ್ಪ. ಅಣ್ಣನಿಗೆ ಮಾತ್ರ, ಅತ್ತಿಗೆಗೆ ಹೇಳಬೇಡಿ ಅಂದಿದ್ದಾಳಂತೆ. ದಿನಕ್ಕೆ ಲೆಕ್ಕ ಹಾಕಿ ನೀರು ಕುಡಿಯುವ ಹೆಂಗಸು ನನಗೆ ಒಬ್ಬಟ್ಟು ತಟ್ಟಿದ್ದಾಳೆ.

ಆರೂ ತಿಂದೆ.

ಆಗಸ್ಟ್ 19, ಮಂಗಳವಾರ

ಚೈತ್ರಳ ಡಬ್ಬಿಯಲ್ಲಿ ಇವತ್ತು ಬಿಸಿಬೇಳೆಬಾತ್. ಮೊನ್ನೆ ಕೊಬ್ಬರಿ ಮಿಠಾಯಿ. ಅದರ ಹಿಂದಿನ ದಿನ ಗೋಡಂಬಿ ಹಾಕಿದ ರವೆಉಂಡೆ. ಎಷ್ಟು ಪ್ರೀತಿ ಇವಳಿಗೆ. ಒಂದೂ ಬಿಡದೆ ತಿನ್ನುತ್ತೇನೆ. 91.4. ಬೇಕರಿ ಎದುರಿನ ಮೆಡಿಕಲ್ ಶಾಪಿನ ಮಷೀನಿನಲ್ಲಿ ನೋಡಿದ್ದು. ಸಿಗರೇಟ್ ದಿನಕ್ಕೆ ಐದು. ಮನೆಗೆ ಹೋಗುವ ಮುಂಚೆ ಲವಂಗ, ಏಲಕ್ಕಿ, ಕೈಗೆ ಸೋಪು.

ಇನ್ನು ಎರಡು ವಾರಕ್ಕೆ ಆಸ್ಪತ್ರೆಯಲ್ಲಿ ತೂಕ ನೋಡುತ್ತಾರೆ. ಆಗುವುದಿಲ್ಲ ಎನ್ನುತ್ತಾರೆ. ನಾನು ತಲೆ ತಗ್ಗಿಸಿದರೆ ಮುಗಿಯಿತು.

ಆಗಸ್ಟ್ 22, ಶುಕ್ರವಾರ. ಸಂಜೆ 5

ಮಂಜುನಾಥನ ಫೋನ್. ಟ್ಯೂಬಿಗೆ ಇನ್‌ಫೆಕ್ಷನ್. ಮಷೀನ್ ಮೇಲಿರುವಾಗಲೇ ಚೈತ್ರಳಿಗೆ ಗಡಗಡ ಚಳಿ ಬಂದು ಅಡ್ಮಿಟ್ ಮಾಡಿದ್ದಾರೆ. ಹೋಗಿ ನೋಡಿಬಂದೆ. ಮೂರು ರಗ್ಗು ಹೊದಿಸಿದ್ದರೂ ಮಂಚ ಅಲುಗುತ್ತಿತ್ತು. ಕಣ್ಣು ಬಿಟ್ಟು, ಊಟ ಆಯ್ತಾ ಅಣ್ಣ ಎಂದಳು.

ಟ್ಯೂಬ್ ಹಾಕಲು ಜಾಗಗಳು ಒಂದೊಂದಾಗಿ ಮುಗಿಯುತ್ತಾ ಬರ್ತವೆ, ಹೀಗೇ ತುಂಬಾ ದಿನ ನಡೆಸೋಕಾಗಲ್ಲ ಅಂತ ಡಾಕ್ಟರ್ ಮಂಜುನಾಥನಿಗೆ ಹೇಳಿದರು. ಅವನು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ಮೂರು ಸೇದಿದೆ. ಒಂದರಿಂದಲೂ ಸಮಾಧಾನ ಆಗಲಿಲ್ಲ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ. ಮಧ್ಯಾಹ್ನ 3.30, ಅಂಗಡಿ

ಅರ್ಧ ಶಟರ್ ಎಳೆದು ಕೂತಿದ್ದೇನೆ. ಆದದ್ದು ಆದ ಹಾಗೆ ಬರೆಯಬೇಕು.

ತವರಿನ ಬಾಗಿನ ತೆಗೆದುಕೊಂಡು ಹನ್ನೊಂದಕ್ಕೆ ದೀಪಾಂಜಲಿ ನಗರದ ಚೈತ್ರಳ ಮನೆಗೆ ಹೋದೆ. ಸೀರೆ, ಬಳೆ, ಹೂವು, ಮೊರ. ನಿನ್ನೆಯಷ್ಟೇ ಡಿಸ್ಚಾರ್ಜ್ ಆದವಳು ಸ್ನಾನ ಮಾಡಿ, ಹಣೆತುಂಬ ಕುಂಕುಮ ಇಟ್ಟು, ಗೋಡೆ ಹಿಡಿದುಕೊಂಡು ನಿಂತಿದ್ದಳು. ಬಾಗಿನ ಕಣ್ಣಿಗೊತ್ತಿಕೊಂಡಳು. ನನ್ನ ಕಾಲಿಗೆ ಬೀಳಲು ಬಂದಳು. ಬೇಡ ಎಂದರೂ ಕೇಳಲಿಲ್ಲ.

ಮಂಜುನಾಥ ಹಾಲು ತರಲು ಕೆಳಗೆ ಹೋದ. ಎಲೆ ಹಾಕಿದಳು. ಒಬ್ಬಟ್ಟಿನ ಮೇಲೆ ತುಪ್ಪ ಸುರಿದಳು, ಸುರಿಯುತ್ತಲೇ ಇದ್ದಳು. ಸಾಕು ಕಣೇ ಎಂದೆ. ಆಗ ಬಟ್ಟಲು ಕೆಳಗಿಟ್ಟು ಹೇಳಿದಳು.

"ಪ್ಯಾಂಟ್ ಹಿಂದ್ಗಡೆ ಬಿಚ್ಚಿದೀಯ ಅಲ್ವಾ ಅಣ್ಣ. ವರಮಹಾಲಕ್ಷ್ಮಿ ದಿನಾನೇ ನೋಡ್ದೆ."

ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ನಾನೇ ಕೆಟ್ಟೆ. ಬಿಚ್ಚಿದ ಬಟ್ಟೆ ಬಿಸಿಲು ಕಂಡಿರುವುದಿಲ್ಲ. ಮಾಸಿದ ಬೂದು ಬಣ್ಣದ ಮಧ್ಯೆ ಕಡು ಬೂದು ಪಟ್ಟಿ, ಅದರ ಎರಡು ಕಡೆ ಹಳೇ ಸೂಜಿಯ ತೂತುಗಳು. ಬೇರೆ ಯಾರಿಗೂ ಕಾಣುವುದಿಲ್ಲ. ಮದುವೆಗೆ ಮುಂಚೆ ಆರು ವರ್ಷ ನನ್ನ ಪಕ್ಕದ ಮಷೀನಿನಲ್ಲಿ ಕೂತವಳಿಗೆ ಕಾಣದೇ ಇರುತ್ತದಾ? ಎರಡಿಂಚು ಬಿಡಬೇಕು ಅಂತ ಅವಳಿಗೆ ಕಲಿಸಿದವನೇ ನಾನು.

ಏನೋ ಸುಳ್ಳು ಹೇಳಲು ಹೋದೆ. ಸುಮ್ನಿರು ಎಂದಳು. ಆಮೇಲೆ ನೆಲ ನೋಡುತ್ತಾ ಹೇಳಿದಳು. "ಒಬ್ಬಟ್ಟು, ಉಂಡೆ ಎಲ್ಲಾ ಅದಕ್ಕೇ ಕಳಿಸ್ತಿದ್ದೆ. ನಿಂಗೆ ಭಯ. ಬೇಡ ಅಂತ ಬಾಯಿಬಿಟ್ಟು ಹೇಳಕ್ಕೆ ನಿನ್ ಕೈಲಾಗಲ್ಲ. ತೂಕ ಇಳೀಲಿಲ್ಲ ಅಂದ್ರೆ ಯಾರೂ ನಿನ್ನ ಏನೂ ಅನ್ನಲ್ಲ."

ನಾನು ತಿನ್ನುತ್ತಿದ್ದೆ ತಪ್ಪಿಸಿಕೊಳ್ಳಲು. ಅವಳು ತಿನ್ನಿಸುತ್ತಿದ್ದಳು ತಪ್ಪಿಸಲು. ಚಳಿಜ್ವರ ಬರುವ ಹಿಂದಿನ ದಿನವೂ ಕೂತು ತೆಂಗಿನಕಾಯಿ ತುರಿದಿದ್ದಾಳೆ.

"ಅಪ್ಪನ ಚಪ್ಪಲಿ ನೀನು ತಂದಾಗ ಬಾಗಿಲು ತೆಗೆದಿದ್ದು ನಾನೇ ಅಲ್ವಾ," ಎಂದಳು.

ನಿಂಗೆ ಭಯ ಆಗಲ್ವೇನೇ ಎಂದು ಕೇಳಿದೆ.

"ಆಗುತ್ತೆ. ದಿನಾ ಆಗುತ್ತೆ."

ಎಲೆ ಮಡಚಿ ಎದ್ದೆ. ಹಬ್ಬದ ದಿನ ತಂಗಿಯ ಮನೆಯಲ್ಲಿ ಅರ್ಧಕ್ಕೆ ಎದ್ದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

ಈಗ ಪ್ಯಾಂಟು ಮುಂದೆ ಇದೆ. ಲುಂಗಿಯಲ್ಲಿ ಕೂತಿದ್ದೇನೆ. ಹೊಲಿಗೆಯನ್ನು ಹಳೇ ಜಾಗಕ್ಕೇ ತಂದು ಎರಡು ಸಲ ಹೊಲಿದೆ. ಒಳಗಿನ ಎರಡಿಂಚನ್ನು ಕತ್ತರಿಸಿ ಹಾಕಿದೆ. ಯಾವ ಗಿರಾಕಿಗೂ ಇಷ್ಟು ವರ್ಷದಲ್ಲಿ ಹೀಗೆ ಮಾಡಿಲ್ಲ. ಇನ್ನು ಬಿಚ್ಚಲು ಬಟ್ಟೆಯೇ ಇಲ್ಲ. ಹಾಕಿಕೊಳ್ಳಲು ನೋಡಿದೆ. ತೊಡೆಯಿಂದ ಮೇಲೆ ಬರಲಿಲ್ಲ.

ಪ್ಯಾಕೆಟ್ಟಿನಲ್ಲಿ ನಾಲ್ಕು ಉಳಿದಿದ್ದವು. ನೀರಿನ ಬಕೆಟ್ಟಿಗೆ ಹಾಕಿದೆ.

ಆಗಸ್ಟ್ 28, ಗುರುವಾರ

ಮೊನ್ನೆ ರಾತ್ರಿಯೇ ರಾಗಿಣಿಗೆ ಎಲ್ಲ ಹೇಳಿದೆ. ಎರಡು ದಿನದಿಂದ ಮಾತಿಲ್ಲ. ಇವತ್ತು ಅಟ್ಟದಿಂದ ತಕ್ಕಡಿ ಇಳಿಸಿ ಬಚ್ಚಲ ಬಾಗಿಲಿಗೆ ಇಟ್ಟಳು. 91.6. ಆಸ್ಪತ್ರೆಗೂ ಫೋನ್ ಮಾಡಿ ನಿಜ ಹೇಳಿದೆ. ಅಕ್ಟೋಬರ್ ಕೊನೆಗೆ ಬನ್ನಿ ಎಂದರು. ಚೈತ್ರ ಅಲ್ಲಿಯವರೆಗೆ...

ಸೆಪ್ಟೆಂಬರ್ 6, ಶನಿವಾರ

ಸಿಗರೇಟ್ ಬಿಟ್ಟು ಹನ್ನೊಂದು ದಿನ. ತಲೆ ಸಿಡಿಯುತ್ತಿದೆ. ಗಿರಾಕಿಯೊಬ್ಬನ ಮೇಲೆ ಕೂಗಾಡಿದೆ. ಬೆಳಿಗ್ಗೆ ಆರ್‌ಪಿಸಿ ಲೇಔಟ್ ಪಾರ್ಕ್ ಹತ್ತು ಸುತ್ತು. ರಾತ್ರಿ ರಾಗಿಮುದ್ದೆ ಒಂದೇ, ಸೊಪ್ಪಿನ ಸಾರು. ಡಬ್ಬಿಗಳು ಬರುವುದು ನಿಂತಿದೆ. 90.1.

ಸೆಪ್ಟೆಂಬರ್ 30, ಮಂಗಳವಾರ

86.7. ಪ್ಯಾಂಟು ಸೊಂಟದವರೆಗೆ ಬಂತು, ಬಟನ್ ಹತ್ತಲಿಲ್ಲ. ಚೈತ್ರಳಿಗೆ ಮತ್ತೆ ಜ್ವರ. ಟ್ಯೂಬನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿದ್ದಾರೆ. ಮುಂಚೆ ತಕ್ಕಡಿ ಮೇಲೆ ಹತ್ತುವಾಗ ಮುಳ್ಳು ಇಳಿದೀತು ಅಂತ ಹೆದರುತ್ತಿದ್ದೆ. ಈಗ ಇಳಿಯದಿದ್ದರೆ ಅಂತ.

ಅಕ್ಟೋಬರ್ 27, ಸೋಮವಾರ. ಸಂಜೆ

82.3. ನಾಳೆ ಆಸ್ಪತ್ರೆ. ಇನ್ನೂ ಮುನ್ನೂರು ಗ್ರಾಂ ಇಳಿಯಬೇಕು. ಊಟ ಬಿಟ್ಟೆ. ಕ್ಷೌರ ಮಾಡಿಸಿಕೊಂಡು ಬಂದೆ, ಕೂದಲಿಗೂ ತೂಕ ಇರುತ್ತದಲ್ಲ. ರಾಗಿಣಿ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ.

ಅಕ್ಟೋಬರ್ 28, ಮಂಗಳವಾರ. ಬೆಳಿಗ್ಗೆ 10.20

ಆಸ್ಪತ್ರೆಯ ಬೆಂಚು. ಬೂದು ಪ್ಯಾಂಟು ಹಾಕಿದ್ದೇನೆ, ಬಟನ್ ಹತ್ತಿದೆ. ಬೇಡ ಎಂದರೂ ಚೈತ್ರ ಬಂದು ಪಕ್ಕದಲ್ಲಿ ಕೂತಿದ್ದಾಳೆ. ಕೂರುವ ಮುಂಚೆ ನನ್ನನ್ನು ಹಿಂದೆ ತಿರುಗಿಸಿ ಹೊಲಿಗೆ ನೋಡಿದಳು. ಬೆರಳಿಂದ ಒತ್ತಿ ಒಳಗಿನ ಬಟ್ಟೆ ಹುಡುಕಿದಳು. ಸಿಗಲಿಲ್ಲ. ಮೂಗು ಒರೆಸಿಕೊಂಡಳು.

ಮೊದಲು ತೂಕ. ಆಮೇಲೆ ಡಾಕ್ಟರಮ್ಮ ಮತ್ತೆ ಒಬ್ಬನನ್ನೇ ಕೂರಿಸಿ ಕೇಳುತ್ತಾರೆ. ಭಯ ಹೋಗಿಲ್ಲ. ಹೋಗುತ್ತದೆ ಅಂದುಕೊಂಡಿದ್ದೆ. ಒಂದು ಗ್ರಾಮೂ ಇಳಿದಿಲ್ಲ.

ಕೂಗಿದರು. ಚಪ್ಪಲಿ ಬಿಟ್ಟು ಬರಬೇಕಂತೆ.

ಬಿಟ್ಟೆ. ಚೈತ್ರ ಬಗ್ಗಿ ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ. ಹಳೇದು ಕಣೇ, ಕೆಳಗಿಡು ಎಂದೆ. "ನೀನು ಬರೋವರ್ಗೂ ಹಿಡ್ಕೊಂಡಿರ್ತೀನಿ, ಹೋಗು" ಎನ್ನುತ್ತಾಳೆ. ಇದು ಬರೀ ತೂಕ ನೋಡುವುದು. ಆದರೂ ಅಕ್ಷರ ಡೊಂಕಾಗುತ್ತಿದೆ. ಪುಸ್ತಕವನ್ನೂ ಅವಳಿಗೇ ಕೊಟ್ಟು ಹೋಗುತ್ತೇನೆ. ಓದಿದರೆ ಓದಲಿ. ಡಾಕ್ಟರಮ್ಮ ಕೇಳಿದರೆ ಭಯ ಇದೆ ಅಂತಲೇ ಹೇಳುತ್ತೇನೆ, ಭಯ ಇದೆ ಮೇಡಂ, ಆದರೂ ನನ್ನ ತಂಗಿಗೆ ಕೊಡ್ತೀನಿ ಅಂತ. ಮತ್ತೆ ಕೂಗುತ್ತಿದ್ದಾರೆ.