ಅತ್ತ್ಯಾರು ಅರ್ಧಕ್ಕ ಬಿಟ್ಟ ಕೊರಿಯಾ ಸೀರಿಯಲ್

ಅತ್ತ್ಯಾರ,

ನಿಮ್ಮ ಸೊಸಿ ಮಾದೇವಿ ಕಾಲಿಗೆ ಬಿದ್ದು ಬರೆಯೂದು. ನೀವು "ಏಳ ಬೇ, ಸಾಕು" ಅನ್ನೂತನಾ ಏಳೂದಿಲ್ಲ. ನಿಮಗ ಅಕ್ಷರ ಬರೂದಿಲ್ಲ ಅಂತ ಗೊತ್ತೈತಿ. ಅಲ್ಲೆ ಮಾವನವರು ಅದಾರಲ್ಲ, ಅವರ ಕಡಿಂದ ಓದಿಸಿಕೊಳ್ರಿ. ಕೇಳಿಸಲಿಲ್ಲಂದ್ರ ಮೊದಲಿನಂಗ ಅವರ ತುಟಿ ನೋಡ್ರಿ. ಮೀಸಿ ಭಾಳ ಬೆಳದಿದ್ರ ಮೊದಲ ಕತ್ತರಿಸಾಕ ಹೇಳ್ರಿ, ಇಲ್ಲಂದ್ರ ಅರ್ಧಾ ಪತ್ರ ಮೀಸ್ಯಾಗ ಉಳೀತೈತಿ.

ನಾ ಹುನ್ನೂರಿಂದ ಮದುವಿಯಾಗಿ ಬನಹಟ್ಟಿಗೆ ಬಂದ ಮೊದಲನೇ ವಾರ ನೆನಪೈತೇನ್ರಿ? ಮನಿ ಹಿಂದಿನ ಶೆಡ್ಡಿನ್ಯಾಗ ನಾಕೂ ಪಾವರ್‌ಲೂಮ್ ಒಮ್ಮೆ ಚಾಲೂ ಆದ್ರ ನನಗ ತಲಿ ಒಡದಂಗ ಆಗತಿತ್ತು. ನೀವು ಈ ತುದಿಗೆ, ಮಾವನವರು ಆ ತುದಿಗೆ. ನಡಕ ಅಷ್ಟು ಸಪ್ಪಳ. ಆದ್ರೂ ಇಬ್ಬರೂ ಕಟ್ಟಿ ಮ್ಯಾಲ ಕುಂತವರಂಗ ಆರಾಮ ಮಾತಾಡತಿದ್ರಿ. ತುಟಿ ಅಲಗಾಡಿಸೂದು, ಹುಬ್ಬು ಏರಸೂದು, ಬಟ್ಟು ತೋರಸೂದು. ಎರಡು ಬಟ್ಟಂದ್ರ ಲಾಳಿಯೊಳಗಿನ ಕಂಡಕಿ ತೀರ್ಯಾವು, ನೂಲು ಸುತ್ತಿ ತಾ ಅಂತ. ಮೂಗು ಹಿಡಕೊಂಡ್ರ ಅರಿವಿ ವ್ಯಾಪಾರಿ ಸೇಟಜಿ ಬಾಗಲಾಗ ಬಂದಾನ ಅಂತ. ನಾ ಪಿಯುಸಿ ಕಲತಾಕಿ, ನನಗ ಈ ಭಾಷಾ ಬರಾಕ ಎರಡು ವರ್ಷ ಹಿಡೀತು. ನಲವತ್ತು ವರ್ಷ ಆ ಸಪ್ಪಳದಾಗ ನಿಂತು ನಿಮ್ಮ ಕಿವಿ ಹೋದ್ವು. ಆದ್ರ ಕಣ್ಣು... ಯವ್ವಾ, ಏನ್ ಕಣ್ಣ್ರೀ ಅವು! ಎದುರಿಗಿನವರ ಮಾರಿ ಮ್ಯಾಲ ಒಂದು ನೊಣ ಕುಂತ್ರೂ ಅದು ಯಾಕ ಕುಂತೈತಿ ಅಂತ ಹೇಳತಿದ್ರಿ.

ಕರೆಂಟ್ ಹೋಗಿ ಮಗ್ಗ ನಿಂತಿದ್ದ ಒಂದು ಮಧ್ಯಾಹ್ನ, ಮಗಳು ಸುಷ್ಮಾ ಪಡಸಾಲ್ಯಾಗ ಬಿದ್ಕೊಂಡು ಮೊಬೈಲ್ ನೋಡಾಕತ್ತಿದ್ಲು. ಜಮಖಂಡಿ ಕಾಲೇಜಿಗೆ ಹೋಗಿಂದ ಅಕಿಗೆ ಕೊರಿಯಾ ಸೀರಿಯಲ್ಲಿನ ಹುಚ್ಚು ಹತ್ತಿತ್ತು. ನೀವು ಬಾಜೂಕ ಕುಂತು ಇಣುಕಿದ್ರಿ.

"ಇವ್ರು ಯಾವ ಊರಾವ್ರ ಬೇ? ಎಲ್ಲಾರೂ ಒಬ್ಬಾಕಿ ಹಡದಂಗ ಅದಾರ."

"ಕೊರಿಯಾ, ಆಯಿ."

"ಅದೆಲ್ಲೈತಿ? ತೇರದಾಳ ದಾಟಿ ಏನ?"

ಸುಷ್ಮಾ ಬಿದ್ದು ಬಿದ್ದು ನಕ್ಕಳು. ನಗಿ ನಿಮಗ ಕೇಳಿಸಲಿಲ್ಲ, ಕಾಣಿಸ್ತು. ತಲಿಗೊಂದು ಕೊಟ್ರಿ. ಆಮ್ಯಾಲ ಎರಡು ಕಂತು ಕಣ್ಣು ಪಿಳುಕಿಸದ ನೋಡಿದ್ರಿ. ಕೆಳಗ ಬರೂ ಇಂಗ್ಲಿಷ್ ಅಕ್ಷರ ನಿಮಗ ಇರುವಿ ಸಾಲು ಇದ್ದಂಗ. ದನಿ ಅಂತೂ ಇಲ್ಲೇ ಇಲ್ಲ. ನೋಡಿ ಮುಗಿಸಿ ಅಂದ್ರಿ, "ಈ ಹುಡುಗಿ ತಾಯಿ ಅಂತ ಓಡ್ಯಾಡತಾಳಲ್ಲ, ಅಕಿ ಹಡದಾಕಿ ಅಲ್ಲ. ಹಡದಾಕಿ ಆ ಮೀನ ಮಾರಾಕಿ." ಸುಷ್ಮಾ ದಡಕ್ಕನ ಎದ್ದು ಕುಂತ್ಲು. ಅದು ಹನ್ನೆರಡನೇ ಕಂತಿನ್ಯಾಗ ಹೊರಗ ಬೀಳೂ ಗುಟ್ಟಂತ! "ಆಯಿ, ನಿನಗ ಯಾರು ಹೇಳಿದ್ರು?" ಅಂತ ಕೇಳಿದ್ರ, "ಯಾರು ಹೇಳಬೇಕು? ಹುಡುಗಿ ಉಣ್ಣಾಕ ಕುಂತಾಗ ಆ ಮೀನ ಮಾರಾಕಿ ಗಂಟಲಾ ನೋಡು. ಅಕಿ ನುಂಗಿದ್ರ ಇಕಿ ನುಂಗತಾಳ" ಅಂದ್ರಿ. ನಾವು ಹಿಂದಕ್ಕ ಸರಿಸಿ ನೋಡಿದ್ವಿ. ಖರೇನ ನುಂಗತಿದ್ಲು.

ರಬಕವಿ ಬಸ್ಸಿನ್ಯಾಗ ಕಂಡಕ್ಟರಗ ನೀವು ಸೀರಿಯಲ್ ನೋಡಾಕ ಹೇಳಿದ್ದು ನೆನಪಾದ್ರ ನನಗ ಈಗೂ ನಗಿ ತಡೆಯೂದಿಲ್ಲ. "ತಮ್ಮಾ, ನಿನ್ನ ಮಾರಿ ನೋಡಿದ್ರ ಹೆಂಡ್ತಿ ತವರಿಗೆ ಹೋದಂಗ ಕಾಣತೈತಿ. ಆ ಬ್ರೆಡ್ ಮಾಡೂ ಹುಡುಗನ ಸೀರಿಯಲ್ ನೋಡು, ಹದಿನಾರ ಕಂತು, ಬುದ್ಧಿ ಬರತೈತಿ." ನಿಮ್ಮ ದನಿ ಏನ್ ಸಣ್ಣದೇನ? ಬಸ್ಸಿಗೆ ಬಸ್ಸೇ ಹೊಳ್ಳಿ ನೋಡ್ತು. ನಾ ಸೆರಗಿಲೆ ಮಾರಿ ಮುಚಗೊಂಡೆ. ಆ ಕಂಡಕ್ಟರ್ ಟಿಕೆಟ್ ಕೊಡೂದು ಬಿಟ್ಟು ನಿಂತ. ಹೆಂಡ್ತಿ ಖರೇನ ಹೋಗಿದ್ಲಂತ! ಡಾಕ್ಟರು ಗುಳಗಿ ಬರದು ಕೊಟ್ಟಂಗ ನೀವು ಸೀರಿಯಲ್ ಕೊಡತಿದ್ರಿ. ನೆಗೆಣ್ಣಿ ಜೋಡಿ ಜಗಳಾಡಿದಾಕಿಗೆ ಒಂದು, ಮಗಳ ಲಗ್ನ ಕೂಡವಲ್ಲದು ಅಂದಾಕಿಗೆ ಇನ್ನೊಂದು. ಮುಧೋಳದಾಗಿನ ನಿಮ್ಮ ತಂಗಿಗೆ ಅಂತೂ, "ನೀ ಅಳೂದು ಬಿಟ್ಟು ಭಾಳ ದಿನಾ ಆತು, ಇದನ್ನ ನೋಡಿ ಒಮ್ಮೆ ಬಾಯಿ ಬಿಟ್ಟು ಅಳು" ಅಂತ ಹೇಳಿ ಕಳಿಸಿದ್ರಿ. ಅವರು ಮೂರು ದಿನಾ ಅತ್ತು ಹಗರಾದ್ರಂತ. "ನಮ್ಮ ಟಿವಿ ಸೀರಿಯಲ್ ಬ್ಯಾಡ ಬೇ, ಮೊಮ್ಮಕ್ಕಳು ಹುಟ್ಟಿದ್ರೂ ಮುಗಿಯೂದಿಲ್ಲ. ಈ ಮಂದಿ ನೋಡು, ಸೀರಿ ನೇದು, ಕೊಯ್ದು, ಮಡಚಿ ಕೈಯಾಗ ಕೊಟ್ಟಂಗ ಕೊಡತಾರ" ಅಂತಿದ್ರಿ.

ದಿನಾ ಊಟ ಆದ ಮ್ಯಾಲ ಓಣಿ ಹೆಣಮಕ್ಕಳು ತಮ್ಮ ತಮ್ಮ ರಾಟಿ ತಗೊಂಡು ನಮ್ಮ ಪಡಸಾಲಿಗೆ ಬಂದು ಕುಂಡ್ರತಿದ್ರಲ್ಲ, ಆ ಹೊತ್ತು ನನ್ನ ಕಣ್ಣ ಮುಂದ ಹಂಗೇ ಐತಿ. ಕೈಯಾಗ ಕಂಡಕಿ ಸುತ್ತೂದು, ನಡಕ ನೂಲಿನ ಬುಟ್ಟಿಗೆ ಆನಿಸಿದ ಮೊಬೈಲು, ಬಾಜೂಕ ಮಾರಿ ನೋಡಿ ಕತಿ ಹೇಳೂ ನೀವು. ನಾಕು ಕಂತು ಆಗೂದರಾಗ ಆ ಸೀರಿಯಲ್ ಮಂದೀನ್ನ ಬೆನ್ನು ನೋಡಿ ಗುರತಾ ಹಿಡೀತಿದ್ರಿ. ರಾಜರ ಕಾಲದ್ದು ಬಂದ್ರ ಕತಿ ನಿಲ್ಲಿಸಿ, "ಲಂಗದ ಅಂಚು ನೋಡ್ರಿ, ಕೈಮಗ್ಗದ್ದು. ಮಿಷಿನ್ನಿಗೆ ಅದು ಬರೂದಿಲ್ಲ" ಅಂತಿದ್ರಿ. ಅವರು ಚಪ್ಪಲ ಹೊರಗ ಬಿಟ್ಟು ಒಳಗ ಬರೂದು, ನೆಲದ ಮ್ಯಾಲ ಕುಂತು ಉಣ್ಣೂದು, ಹಿರೇರಿಗೆ ನಡಾ ಬಗ್ಗಿಸಿ ನಮಸ್ಕಾರ ಮಾಡೂದು, ಚಳಿಗಾಲ ಬಂತಂದ್ರ ಓಣಿ ಹೆಂಗಸರೆಲ್ಲಾ ಕೂಡಿ ಕ್ಯಾಬೀಜಿಗೆ ಖಾರಾ ಹಚ್ಚಿ ಗಡಿಗಿ ತುಂಬೂದು, ಎಲ್ಲಾ ನಿಮಗ ಪಸಂದ. "ನಮ್ಮವರ ಬಿಡ್ರಿ ಇವ್ರು, ಎಲ್ಲೋ ದಾರಿ ತಪ್ಪಿ ಆ ಕಡೆ ಹೋಗ್ಯಾರ" ಅಂದ್ರ ಎಲ್ಲಾರೂ ಹೌದೌದು ಅಂತಿದ್ರು. ನಾನೂ ಒಳಗಿಂದ ಬಾಗಲಿಗೆ ಆನಿಕೊಂಡು ಕೇಳತಿದ್ದೆ. ಛಲೋ ಅನಸತಿತ್ತು, ಆದ್ರ ಮಾರಿ ಮ್ಯಾಲ ತೋರಸಿಕೊಡತಿದ್ದಿಲ್ಲ.

ಯಾಕಂದ್ರ ನನ್ನ ಹೊಟ್ಟ್ಯಾಗ ಒಂದು ಮುಳ್ಳಿತ್ತು. ಇಪ್ಪತ್ತೊಂದು ವರ್ಷದ ಮುಳ್ಳು. ನನ್ನ ಚೊಚ್ಚಲ ಕೂಸು ಏಳು ತಿಂಗಳಿಗೇ ಹುಟ್ಟಿ ಹೋತಲ್ಲ, ಹೆಣ್ಣು ಕೂಸು, ಒಂದು ಸರ್ತಿನೂ ಅಳಲಿಲ್ಲ ಅದು. ಹದಿನೈದನೇ ದಿನಾ ನೀವು ನನ್ನ ಮುಂದ ರಾಟಿ ತಂದು ಇಟ್ಟು, ನೂಲಿನ ಲಡಿ ಮಡಿಲಾಗ ಹಾಕಿ ಹೋದ್ರಿ. ಒಂದು ಮಾತು ಆಡಲಿಲ್ಲ. ತಲಿ ಮ್ಯಾಲ ಒಂದು ಕೈ ಇಡಲಿಲ್ಲ. ನಾ ದಿನಾ ಶೆಡ್ಡಿಗೆ ಹೋಗಿ, ಮಗ್ಗದ ಸಪ್ಪಳದಾಗ ಯಾರಿಗೂ ಕೇಳಿಸೂದಿಲ್ಲ ಅಂತ, ಬಾಯಿ ಬಿಟ್ಟು ಅಳತಿದ್ದೆ. ನೀವು ಬಾಜೂ ಮಗ್ಗದಾಗ ಗ್ವಾಡಿ ಕಡೆ ಮಾರಿ ಮಾಡಿ ನಿಂದರತಿದ್ರಿ. ಆಮ್ಯಾಲ ಸುಷ್ಮಾ ಹುಟ್ಟಿದ್ಲು, ಎಲ್ಲಾರೂ ಮರತ್ರು. ನಾ ಮರೀಲಿಲ್ಲ. ಸಮುದ್ರದ ಆಚಿಗಿನ ಮೀನ ಮಾರಾಕಿ ಗಂಟಲಾ ಓದಿದವರಿಗೆ ಬಾಜೂ ಮಗ್ಗದಾಗ ಅಳೂ ಸೊಸಿ ಮಾರಿ ಓದಾಕ ಬರಲಿಲ್ಲೇನು? ಇದೊಂದ ಪ್ರಶ್ನಿ ನೋಡ್ರಿ ನಂದು. ನಿಮ್ಮ ಕತಿಗೆ ಓಣಿ ವಾಹ್ ವಾಹ್ ಅಂದಂಗೆಲ್ಲಾ ಅದು ಇನ್ನಷ್ಟು ಚುಚ್ಚತಿತ್ತು.

ಆ ಬುಧವಾರ ನಾ ಮಾಡಿದ್ದು ನೀವೂ ಮರತಿರೂದಿಲ್ಲ. ಒಂದು ಹಳ್ಳಿ ಕತಿ ನಡದಿತ್ತು. ಅದರಾಗ ಅತ್ತಿ, ಗಂಡ ಸತ್ತ ಸೊಸಿನ್ನ ಮನಿಯಿಂದ ಹೊರಗ ಹಾಕತಾಳ, ಗಂಟು ಮೂಟಿ ಬೀದಿಗೆ ಒಗೀತಾಳ. ನೀವು ಕಣ್ಣಾಗ ನೀರು ತಂದು, "ಸಿಟ್ಟಿಲೆ ಅಲ್ಲ ಬೇ ಇದು. ಅಕಿ ಮ್ಯಾಲ ಇಕಿಗೆ ಜೀವ ಐತಿ. ಈ ಮನ್ಯಾಗ ಇದ್ರ ಕೊರಗಿ ಸಾಯ್ತಾಳ ಅಂತ ಕಳಸಾಕತ್ತಾಳ" ಅಂದ್ರಿ. ನನಗ ಅದೆಲ್ಲಿತ್ತೋ ಸಿಟ್ಟು! ಸೊಸಿನ್ನ ಹೊರಗ ಹಾಕಿದಾಕಿನೂ ನಿಮ್ಮ ಬಾಯಾಗ ದೇವರಾದ್ಲಲ್ಲ ಅಂತ. ಹಿಂದಿ ದನಿ ಹಾಕಿದ್ದು ಹುಡುಕಿ, ಆವಾಜ್ ಏರಿಸಿ ಎಲ್ಲಾರಿಗೂ ಕೇಳಿಸಿದೆ. ಆ ಮುದಿಕಿ "ಮನಿಹಾಳಿ, ಹೊಳ್ಳಿ ಮಾರಿ ತೋರಸಬ್ಯಾಡ" ಅಂತ ಬೈಯಾಕತ್ತಿದ್ಲು. "ಕೇಳಿದ್ರೇನ್ರೇ ಖರೆ ಕತಿ? ಕಿವುಡರ ಕಡಿಂದ ಕತಿ ಹೇಳಿಸಿಕೊಂಡ್ರ ಹಿಂಗ ಆಗತೈತಿ" ಅಂದೆ. ಎಲ್ಲಾರೂ ಗೊಳ್ಳನ ನಕ್ಕರು. ನಾ ಅಂದದ್ದು ನಿಮಗ ಕೇಳಿಸಲಿಲ್ಲ, ಆದ್ರ ನನ್ನ ಮಾರಿ ನಿಮ್ಮ ಕಡೇನ ಇತ್ತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ಲ, ಖರೆ ಅದು. ನೀವು ಕೈಯಾಗಿನ ಕಂಡಕಿ ಪೂರಾ ಸುತ್ತಿ ಬುಟ್ಟಿಗೆ ಹಾಕಿ ಎದ್ರಿ.

ಮರುದಿನ ನೀವು ರಾಟಿ ಹೊತಗೊಂಡು ಶಾಂತವ್ವನ ಮನಿಗೆ ಹೋದದ್ದನ್ನ ನಾ ಕಿಟಕ್ಯಾಗಿಂದ ನೋಡಿದೆ. ಶಾಂತವ್ವ ಬೀಳಗಿ ಕಡಿಂದ ನಮ್ಮ ಓಣಿಗೆ ಬಾಡಿಗಿಗೆ ಬಂದು ಐದು ವರ್ಷ ಆಗಿರಬೇಕು ಅಷ್ಟ. ಅತ್ತ್ಯಾರು ಸಿಟ್ಟಾಗ್ಯಾರ, ನಾಕು ದಿನದಾಗ ಇಳೀತಾರ ಅಂತ ನಾನೂ ಸುಮ್ಮನಾದೆ. ಕರೀಬೇಕಿತ್ತು. ಬಾಗಲದಾಗ ನಿಂತು "ಬರ್ರೀ ಅತ್ತ್ಯಾರ, ತಪ್ಪಾತು" ಅನ್ನಾಕ ಏನಾಗಿತ್ತು ನನಗ? ನನ್ನ ನಾಲಿಗಿಗೆ ಬೈಯೂದು ಬರತೈತಿ, ಇದು ಬರೂದಿಲ್ಲ. ನೀವು ದಿನಾ ಹೋದ್ರಿ, ದಿನಾ ಬಂದ್ರಿ, ನಾ ರೊಟ್ಟಿ ಬಡದು ಹಾಕಿದೆ, ನೀವು ಉಂಡ್ರಿ. ಐದು ತಿಂಗಳಿಗೆ ಎದಿ ನೋವು ಅಂದ್ರಿ. ಮಹಾಲಿಂಗಪುರದ ದವಾಖಾನ್ಯಾಗ ಎರಡು ದಿನಾ. ಆ ಎರಡೂ ದಿನಾ ನಾ ಬಾಜೂಕ ಕುಂತಿದ್ದೆ, ಹೇಳಬೇಕಂತ ಬಾಯಿತನಾ ಬಂದದ್ದು...

ನೀವು ಹೋಗಿ ತಿಂಗಳಿನ ಪೂಜಿ ಆದ ಮ್ಯಾಲ ಒಂದು ದಿನಾ ಆ ಸೀರಿಯಲ್ ಹೊಳ್ಳಿ ಹಚ್ಚಿದೆ. ಯಾಕ ಹಚ್ಚಿದೆ ಅಂತ ಕೇಳಬ್ಯಾಡ್ರಿ. ಹದಿನಾಕನೇ ಕಂತಿಗೆ ಆ ಹಳ್ಳಿ ಮುದಿಕಿ ಸೊಸಿಗೆ ಹೇಳ್ತಾಳ, "ನೀ ಬದುಕ್ಲಿ ಅಂತ ಬೈದು ಹೊರಗ ಹಾಕಿದೆ. ಬೈಯಲಿಲ್ಲಂದ್ರ ನೀ ಹೋಗತಿದ್ದಿಲ್ಲ." ಹಿಂದಿ ತಿಳಿಯೂ ನಾ ಎಡವಿದೆ, ನೀವು ಬರೇ ಮಾರಿ ನೋಡಿ ಎಂಟು ಕಂತು ಮೊದಲ ಹೇಳಿದ್ರಿ. ಅದನ್ನ ಓಣಿ ಮಂದಿನ್ನೆಲ್ಲಾ ಕರದು ತೋರಿಸಿದೆ, "ನಮ್ಮ ಅತ್ತ್ಯಾರು ಹೇಳಿದ್ದ ಖರೆ, ನಂದ ತಪ್ಪು" ಅಂತ ಎಲ್ಲಾರ ಮುಂದ ಅಂದೆ. ಅಷ್ಟು ಮಂದಿ ಮುಂದ ಬರೂ ಮಾತು ನಿಮ್ಮೊಬ್ಬರ ಮುಂದ ಬರಲಿಲ್ಲ ನೋಡ್ರಿ.

ಹೋದ ವಾರ ಶಾಂತವ್ವ ರಾಟಿ ತಗೊಂಡು ನಮ್ಮ ಪಡಸಾಲಿಗೆ ಬಂದ್ಲು. ಕುಂತು ಎರಡು ಕಂಡಕಿ ಸುತ್ತಿ ಕೇಳಿದ್ಲು, "ಮಾದೇವಕ್ಕ, ನಿಮಗ ಹಿಂದಿ ಬರತೈತಿ, ಒಂದು ಕೊರಿಯಾ ಸೀರಿಯಲ್ ಹುಡುಕಿ ಕೊಡ್ರಿ. ನಿಮ್ಮ ಅತ್ತ್ಯಾರು ನಮ್ಮ ಮನ್ಯಾಗ ದಿನಾ ಒಂದಿಷ್ಟು ಹೇಳತಿದ್ರು, ಮುಗಿಯೂದರಾಗ ಹೋಗಿಬಿಟ್ರು. ನಾ ಎಷ್ಟು ಹುಡುಕಿದ್ರೂ ಸಿಗವಲ್ಲದು."

"ಯಾವ ಕತಿ?" ಅಂದೆ.

"ಕೊರಿಯಾದಾಗ ಒಂದು ನೇಕಾರ ಮನಿ. ನಾಕು ಮಗ್ಗ. ಸೊಸಿ ಬ್ಯಾರೆ ಊರಾಕಿ, ಕಲತಾಕಿ, ತುಸು ಬಾಯಿ ಜೋರು. ಅಕಿ ಕೂಸು ಏಳು ತಿಂಗಳಿಗೆ ಹೋಗತೈತಿ."

ನನ್ನ ರಾಟಿ ನಿಂತಿತು. ಶಾಂತವ್ವ ತನ್ನ ಗುಂಗಿನ್ಯಾಗ ಹೇಳಾಕತ್ತಿದ್ಲು. ಆ ಅತ್ತಿಗೂ ಹರೇದಾಗ ಒಂದು ಕೂಸು ಹೋಗಿತ್ತಂತ. ಆಗ ಮನ್ಯಾವ್ರು ಅಕಿನ್ನ ಕತ್ತಲ ಖೋಲ್ಯಾಗ ಕುಂಡ್ರಿಸಿ, ಬಂದವರೆಲ್ಲಾ ಅಳಿಸಿ ಅಳಿಸಿ, ಅಕಿ ವರ್ಷತನಾ ಎದ್ದಿದ್ದಿಲ್ಲಂತ. ನನ್ನ ಸೊಸಿ ಹಂಗಾಗಬಾರದು, ಕೈಗೆ ಕೆಲಸಾ ಇದ್ರ ಜೀವ ಉಳೀತೈತಿ ಅಂತ ಹದಿನೈದು ದಿನಕ್ಕ ರಾಟಿ ತಂದು ಮುಂದ ಇಟ್ಲಂತ. ಸೊಸಿ ಮಗ್ಗದ ಬಾಜೂಕ ಅಳೂದು ದಿನಾ ನೋಡತಿದ್ಲಂತ. ತಾನೂ ಅತ್ರ ಅಕಿ ಪೂರಾ ಕುಸೀತಾಳ ಅಂತ ಗ್ವಾಡಿ ಕಡೆ ಮಾರಿ ಮಾಡಿ ಅಳತಿದ್ಲಂತ. ಆಮ್ಯಾಲ ವರ್ಷ ಹೋದಂಗ ಹೋದಂಗ, ಹೆಂಗ ಹೇಳಲಿ, ಎಲ್ಲಿಂದ ಸುರು ಮಾಡಲಿ ಅಂತ ತಿಳೀಲಿಲ್ಲಂತ.

"ಮತ್ತ ಕೇಳ್ರಿ," ಅಂದ್ಲು ಶಾಂತವ್ವ, "ಆ ಕೂಸಿಗೆ ಅತ್ತಿ ತನ್ನ ಮನಸಿನ್ಯಾಗ ಹೆಸರು ಇಟ್ಟಿದ್ಲಂತ. ಯಾರಿಗೂ ಹೇಳಿದ್ದಿಲ್ಲಂತ. ಗಿರಿಜಾ ಅಂತ. ಅಲ್ಲ ಮಾದೇವಕ್ಕ, ಕೊರಿಯಾದಾಗೂ ಗಿರಿಜಾ ಅಂತ ಹೆಸರು ಇಡತಾರೇನ್ರಿ?"

"ಇಡತಾರ," ಅಂದೆ.

"ಮುಂದೇನಾತು? ಅತ್ತಿ ಸೊಸಿಗೆ ಹೇಳಿದ್ಲೋ ಇಲ್ಲೋ? ನಾ ದಿನಾ ಕೇಳತಿದ್ದೆ, ನಾಳಿಗೆ ಹೇಳ್ತಾಳ ತಡಿ ಅಂತಿದ್ರು."

ಅತ್ತ್ಯಾರ, ಒಂದು ಕೇಳತೇನಿ. ಶಾಂತವ್ವನ ಬಾಯಾಗ ಮಾತು ನಿಲ್ಲೂದಿಲ್ಲ ಅಂತ ಬನಹಟ್ಟಿಗೆಲ್ಲಾ ಗೊತ್ತು. ಅದಕ್ಕ ಅಕಿಗೆ ಹೇಳಿದ್ರೇನು? ನನ್ನ ಮುಂದ ಹೇಳಿದ್ರ ನಾ ಮತ್ತ ಆವಾಜ್ ಏರಿಸಿ, ಸುಳ್ಳು ಅಂತೇನಿ ಅಂತ ಅಂಜಿದ್ರೇನು? ಅಷ್ಟು ಕೆಟ್ಟಾಕಿ ಇದ್ನೇನ್ರಿ ನಾ? ಇದ್ದೆ ಬಿಡ್ರಿ. ಆದ್ರೂ ನನ್ನ ಕತಿನ್ನ ನೀವು ನಿಮ್ಮ ಮನಸಿಗೆ ಬಂದ ಸೀರಿಯಲ್ಲಿನ ಸಾಲಿನ್ಯಾಗ ಕುಂಡ್ರಿಸಿದ್ರಿ. ಅಷ್ಟೂ ನೋಡಿದ್ರಿ. ಎಲ್ಲಾ ನೋಡಿದ್ರಿ.

ಶಾಂತವ್ವಗ ಅಂದೆ, "ಆ ಸೀರಿಯಲ್ ನಾ ನೋಡೇನಿ. ಹೇಳ್ತಾಳ. ಕಡೀ ಕಂತಿನ್ಯಾಗ ಹೇಳ್ತಾಳ. ಸೊಸಿಗೆ ಮುಟ್ಟತೈತಿ." ಶಾಂತವ್ವ, "ಹಂಗಂದ್ರ ಛಲೋ ಆತು ಬಿಡ್ರಿ, ನನಗ ಅದ ಒಂದು ಚಿಂತಿ ಹತ್ತಿತ್ತು" ಅಂತ ಹೊಸಾ ಲಡಿ ಬಿಚ್ಚಿದ್ಲು. ನಾ ಒಳಗ ಹೋಗಿ ಒಲಿ ಮುಂದ ಕುಂತು, ಮಗ್ಗ ಚಾಲೂ ಇರಲಿಲ್ಲ, ಎಲ್ಲಾರಿಗೂ ಕೇಳೂವಂಗ ಅತ್ತೆ. ಅತ್ತು ಎದ್ದು ಮಾರಿ ತೊಳಕೊಂಡೆ. ಆಮ್ಯಾಲ ಸುಷ್ಮಾಗ ಫೋನ್ ಹಚ್ಚಿದೆ. ಅಕಿಗೆ ಈ ಸಂಗತಿ ಇಷ್ಟು ವರ್ಷ ಯಾರೂ ಹೇಳಿದ್ದಿಲ್ಲ. "ನಿನಗಿಂತ ಮೊದಲ ಒಬ್ಬಾಕಿ ಇದ್ಲು, ನಿನ್ನ ಅಕ್ಕ. ನಿಮ್ಮ ಆಯಿ ಅಕಿಗೆ ಹೆಸರು ಇಟ್ಟಾರ" ಅಂದೆ. ಹೆಸರೂ ಹೇಳಿದೆ. ಬಾಯಿ ಬಿಟ್ಟು ಆ ಹೆಸರು ಅಂದದ್ದು ಅದ ಮೊದಲು.

ನಿಮ್ಮ ಸೊಸಿ,
ಗಿರಿಜಾ, ಸುಷ್ಮಾ ಇಬ್ಬರ ಅವ್ವ,
ಮಾದೇವಿ