ಕೊಬ್ಬರಿ ಅಟ್ಟದ ಕೆಳಗಿನ ಸಂಸಾರ

ಅಪ್ಪಾ,

ಈ ಬೆಳಿಗ್ಗೆ ಅಟ್ಟದ ಮೇಲೆ ಬೆಕ್ಕು ಓಡಿತು. ಅದರ ಕಾಲಿಗೆ ಸಿಕ್ಕ ಕಾಯಿಯೊಂದು ಉರುಳಿ, ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಲೊಡಲೊಡ ಎಂದಿತು. ನೀರಿನ ಸದ್ದು ಒಂಚೂರೂ ಇರಲಿಲ್ಲ. ತಲೆ ಬಾಚುತ್ತಿದ್ದ ನಾನು ಹಾಗೇ ನಿಂತೆ. ಒಲೆಯ ಮುಂದಿದ್ದ ಅಮ್ಮನೂ ಮೇಲೆ ನೋಡಿದಳು.

ನೀವು ತೀರಿಕೊಂಡ ತಿಂಗಳಲ್ಲೇ ಮಂಡಿಯ ಸಾಹುಕಾರರ ಮಗ ಬಂದಿದ್ದರು. ದೊಡ್ಡ ಸಾಹುಕಾರರ ಕಾಲವೂ ಮುಗಿಯಿತಲ್ಲ, ಈಗ ಎಲ್ಲ ಇವರದೇ. ಅಟ್ಟ ಕಿತ್ತು ಇಲ್ಲಿ ಸೈಕಲ್ ಅಂಗಡಿ ಇಡುತ್ತಾರಂತೆ. "ಈಗ್ಲೇ ಏಳಿ ಅನ್ನಲ್ಲ ಕಣಮ್ಮ. ಮೇಲಿರೋ ಕಾಯಿ ಕೊಬ್ಬರಿ ಆಗ್ಲಿ. ಅಟ್ಟ ಇಳಿಸಿದ ದಿನ ಜಾಗ ಬಿಟ್ಕೊಡಿ" ಅಂದರು. "ಇಷ್ಟು ವರ್ಷ ಸಂಸಾರ ಮಾಡಿದ ಮನೆ…" ಎಂದು ಅಮ್ಮ ಶುರು ಮಾಡಿದಳು. "ಮನೆ ಎಲ್ಲೈತಮ್ಮ? ಇದು ಕಾಯಿ ಮಂಡಿ" ಎಂದರು. ಒರಟಾಗಿ ಅಲ್ಲ, ತಪ್ಪು ತಿದ್ದುವ ಹಾಗೆ.

ನಾವು ಅರಸೀಕೆರೆಗೆ ಬಂದ ದಿನ ನಿಮಗೆ ನೆನಪಿದೆಯೇ? ಮಂಡಿಯ ಗುಮಾಸ್ತರಾದ ನಿಮಗೆ ಊರಲ್ಲಿ ಬಾಡಿಗೆ ಮನೆ ಸಿಗಲಿಲ್ಲ. "ಹಿಂದ್ಗಡೆ ಅಟ್ಟದ ಕೆಳಗೇ ಒಲೆ ಹಾಕ್ಕೊಳ್ಳಿ ಗುಮಾಸ್ತರೇ, ಹೊಗೆ ತಾಗಿದ್ರೆ ಕಾಯಿಗೂ ಒಳ್ಳೇದು" ಎಂದು ದೊಡ್ಡ ಸಾಹುಕಾರರು ಹೇಳಿದರು. ಅವರು ಅತ್ತ ಹೋದದ್ದೇ ಅಮ್ಮ, "ಕಾಯಿ ಒಣಗಿಸೋಕೆ ನನ್ನ ಕಟ್ಕೊಂಡ್ ಬಂದ್ರಾ?" ಎಂದು ಕೇಳಿದಳು. ನೀವು ನಕ್ಕುಬಿಟ್ಟಿರಿ. ಆಮೇಲೂ ಎಷ್ಟು ಗೊಣಗಿದಳು! ರಂಗೋಲಿ ಹಾಕಿದರೆ ಹಮಾಲರು ತುಳಿಯುತ್ತಾರೆ, ನೆಂಟರು ಬಂದರೆ ಮೂಟೆ ಮೇಲೆ ಕೂರಿಸಬೇಕು… ಈಗ ಅದೇ ಅಮ್ಮ ಮಸಿ ಹಿಡಿದ ತೊಲೆಗಳನ್ನು ನೋಡುತ್ತಾ ಕೂತಿರುತ್ತಾಳೆ. ನೀವು ಕೊನೆಗೆ ಮಲಗಿದ್ದ ಮೂಲೆಯಲ್ಲಿ ಇನ್ನೂ ಏನನ್ನೂ ಇಟ್ಟಿಲ್ಲ.

ನೀವು ಏಣಿ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ನೀರು ಪೂರ್ತಿ ಆರಿದೆಯೇ ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದುದು ಕಣ್ಣಿಗೆ ಕಟ್ಟಿದೆ. "ಇಳಿಸಬಹುದು" ಎಂದು ನೀವು ಹೇಳಿದ ಮೇಲೆ ದೊಡ್ಡ ಸಾಹುಕಾರರು ಒಂದು ಕಾಯಿಯನ್ನೂ ಒಡೆದು ನೋಡುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಸಾಹುಕಾರರ ಮಗ ಮತ್ತೆ ಬಂದರು. "ಏನಮ್ಮಾ, ಕಾಯಿ ಆಯ್ತಾ? ಗುಮಾಸ್ತರು ಇದ್ದಿದ್ರೆ ಕಾಯೇ ಅವರ ಹತ್ರ ಮಾತಾಡ್ತಿತ್ತು" ಎಂದು ನಕ್ಕರು.

"ಇಲ್ಲಪ್ಪ, ಇನ್ನೂ ನೀರಾಡ್ತಿದೆ" ಎಂದಳು ಅಮ್ಮ, ತಲೆ ಎತ್ತದೆ.

"ಹಂಗಾದ್ರೆ ಇರ್ಲಿ ಬಿಡಿ. ಗುಮಾಸ್ತರ ಮಾತಂದ್ರೆ ನಮ್ಮಪ್ಪಾಜಿ ನಂಬೋರು, ಅವರ ಮನೆಯೋರ ಮಾತು ನಾನೂ ನಂಬ್ತೀನಿ."

ಅವರು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು. "ನೀನು ಸುಮ್ನಿರೇ ಸರೋಜ. ಮಳೆ ಹಿಡೀಲಿ. ಮಳೇಲಿ ಯಾರೂ ಯಾರನ್ನೂ ಹೊರಗೆ ಹಾಕಲ್ಲ." ಮಳೆ ಹಿಡಿದರೆ ಇಡೀ ಅಟ್ಟದ ಕೊಬ್ಬರಿಗೆ ಬೂಷ್ಟು ಬರುತ್ತದೆಂದು ಇಷ್ಟು ವರ್ಷ ಅದರ ಕೆಳಗೆ ಬಾಳಿದವಳಿಗೆ ಗೊತ್ತಿಲ್ಲವೇ, ಅಪ್ಪಾ? ಗೊತ್ತಿದ್ದೂ ಹೇಳಿದಳಲ್ಲ… ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಬಚ್ಚಿಟ್ಟರೂ ತಾನೇ ಹೇಳಿಬಿಡುವವಳು.

ನಿಮಗೆ ತಿಳಿಯದ ಒಂದು ಸುದ್ದಿ ಇದೆ. ನಾನು ಬಿ.ಎ. ಪಾಸಾದೆ. ಗೆಂಡೆಹಳ್ಳಿಯ ಶಾಲೆಗೆ ಕನ್ನಡ ಕಲಿಸಲು ಬಾ ಎಂದಿದ್ದಾರೆ. ಅಲ್ಲಿ ಇರಲು ಜಾಗ ಇನ್ನೂ ಗೊತ್ತಾಗಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಪಾಠ ಹೇಳುವುದನ್ನು ಕೇಳಿದ್ದರೆ ನೀವು ನಗುತ್ತಿದ್ದಿರೋ ಏನೋ.

ನಾಳೆ ಅಮ್ಮ ನೀರಿಗೆ ಹೋದಾಗ ನಾನು ಸಾಹುಕಾರರ ಮನೆಗೆ ಹೋಗುತ್ತೇನೆ. ಕಾಯಿ ಆಗಿದೆ, ಮಳೆಗೆ ಮುಂಚೆ ಇಳಿಸಿ ಎಂದು ನಾನೇ ಹೇಳುತ್ತೇನೆ. ನಿಮ್ಮ ಮಾತಿನ ಮೇಲೆ ಅವರು ಇಟ್ಟ ನಂಬಿಕೆಗೆ ಹಾಗೆ ಬೂಷ್ಟು ಹಿಡಿಯಬಾರದು. ನಾನು ಹೋಗಿದ್ದೆನೆಂದು ಅಮ್ಮನಿಗೆ ಎಂದೂ ಹೇಳುವುದಿಲ್ಲ. ಸಾಹುಕಾರರ ಮಗ ತಾವೇ ಕಂಡುಕೊಂಡರು ಎಂದುಕೊಳ್ಳಲಿ. ಅವರನ್ನೇ ನಾಲ್ಕು ದಿನ ಬೈದುಕೊಳ್ಳಲಿ. ನನ್ನ ಮೇಲೆ ಮುನಿಸಿಲ್ಲದೆ, ನನ್ನ ಜೊತೆ ಗೆಂಡೆಹಳ್ಳಿಯ ಬಸ್ಸು ಹತ್ತಲು ಅವಳಿಗೆ ಮನಸ್ಸಾಗಬೇಕಲ್ಲ.

ನಿಮ್ಮ
ಸರೋಜ